ನೋಮ್ ಪೆನ್‌ನ ತೂಲ್ ಸ್ಲೆಂಗ್ ಮತ್ತು ಚೊಯುಂಗ್ ಏಕ್: ಹೋಗುವ ಮುಂಚಿನಿಂದ ವಾಪಸ್ ಬರುವ ತನಕ

ಕಾಂಬೋಡಿಯಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಸಿಯಾಮ್ ರೀಪ್‌ನಲ್ಲಿ ಇಳಿದು, ಅಂಗ್‌ಕೋರ್ ವಾಟ್ ನೋಡಿ, ಸೂರ್ಯೋದಯದ ಫೋಟೋ ತೆಗೆದು, ಅಲ್ಲಿಂದಲೇ ಬ್ಯಾಂಕಾಕ್‌ಗೋ ಹನೋಯ್‌ಗೋ ಹೊರಟುಬಿಡುತ್ತಾರೆ. ರಾಜಧಾನಿ ನೋಮ್ ಪೆನ್‌ಗೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಅಲ್ಲಿ ತೂಲ್ ಸ್ಲೆಂಗ್ ಎಂಬ ಮ್ಯೂಸಿಯಂ ಇದೆ. ಒಂದು ಕಾಲದಲ್ಲಿ ಅದು ಹೈಸ್ಕೂಲ್. ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ಆಡಳಿತದಲ್ಲಿ ಅದೇ ಎಸ್-21 ಎಂಬ ಗುಪ್ತ ಜೈಲು. ಅಲ್ಲಿಂದ ಕೈದಿಗಳನ್ನು ಲಾರಿಯಲ್ಲಿ ತುಂಬಿ ಊರಾಚೆ ಒಯ್ದು ಕೊಲ್ಲುತ್ತಿದ್ದ ಜಾಗ ಚೊಯುಂಗ್ ಏಕ್. ಎರಡನ್ನೂ ಒಂದೇ ದಿನದಲ್ಲಿ, ಸರಿಯಾದ ಕ್ರಮದಲ್ಲಿ ನೋಡಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಗೆ ಹೋದವರು ಸಾಮಾನ್ಯವಾಗಿ ತಲೆಬುರುಡೆಗಳನ್ನು, ಸರಪಳಿಗಳನ್ನು ನೋಡಿ ಬೆಚ್ಚಿ, ಬೇಗ ಹೊರಗೆ ಬರುತ್ತಾರೆ. ಅದು ಸಹಜವೇ. ಆದರೆ ಅಲ್ಲಿ ಗಮನಿಸಬೇಕಾದದ್ದು ಇನ್ನೂ ಒಂದಿದೆ: ಕೊಲ್ಲುವ ಕೆಲಸವನ್ನು ಒಂದು ಕಚೇರಿಯ ಹಾಗೆ ನಡೆಸಿದ ರೀತಿ. ಕ್ಯಾಮೆರಾ, ಟೈಪ್‌ರೈಟರ್, ಫೈಲು, ಸಹಿ, ಮೇಲಧಿಕಾರಿಗೆ ಪ್ರತಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಕಾಣುವುದೇ ಬೇರೆ.

ಹೋಗುವ ಮುಂಚೆ ಇಷ್ಟು ತಿಳಿದಿರಲಿ

ಏನೂ ಗೊತ್ತಿಲ್ಲದೆ ಹೋದರೆ ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ. ಹಿಂದಿನ ರಾತ್ರಿ ಒಂದು ಗಂಟೆ ಓದಿದರೂ ಸಾಕು.

ಕಾಂಬೋಡಿಯಾ 1953ರಲ್ಲಿ ಫ್ರೆಂಚರಿಂದ ಸ್ವತಂತ್ರವಾಯಿತು. 1970ರಲ್ಲಿ ಲೋನ್ ನೋಲ್ ಎಂಬ ಜನರಲ್ ರಾಜಕುಮಾರ ಸಿಹಾನೂಕ್‌ನನ್ನು ಕೆಳಗಿಳಿಸಿದ. ಪಕ್ಕದಲ್ಲಿ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು, 1973ರ ತನಕ ಅಮೆರಿಕದ ವಿಮಾನಗಳು ಕಾಂಬೋಡಿಯಾದ ಹಳ್ಳಿಗಳ ಮೇಲೂ ಬಾಂಬು ಸುರಿಸಿದವು. ಆ ಗೊಂದಲದಲ್ಲಿ ಬೆಳೆದದ್ದು ಖ್ಮೇರ್ ರೂಜ್. ಅದರ ನಾಯಕ ಪೋಲ್ ಪಾಟ್. 1975ರ ಏಪ್ರಿಲ್ 17ರಂದು ಅವರ ಪಡೆ ನೋಮ್ ಪೆನ್ ಹಿಡಿಯಿತು. ಕೆಲವೇ ದಿನಗಳಲ್ಲಿ ಇಡೀ ಊರನ್ನು ಖಾಲಿ ಮಾಡಿಸಿದರು. ಆಸ್ಪತ್ರೆಯಲ್ಲಿದ್ದ ರೋಗಿಗಳನ್ನೂ ಬಿಡಲಿಲ್ಲ. ನೋಟು ರದ್ದು, ಪೇಟೆ ರದ್ದು, ಶಾಲೆ ರದ್ದು, ಪೂಜೆ ರದ್ದು. ಎಲ್ಲರೂ ಹೊಲಕ್ಕೆ. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ನೋಮ್ ಪೆನ್ ಹೊಕ್ಕಾಗ ಈ ಆಡಳಿತ ಮುಗಿಯಿತು. ನಾಲ್ಕು ವರ್ಷವೂ ತುಂಬದ ಆ ಕಾಲದಲ್ಲಿ ಸತ್ತವರು 15 ಲಕ್ಷದಿಂದ 20 ಲಕ್ಷ ಎಂಬ ಅಂದಾಜು ಇದೆ. ದೇಶದ ಜನಸಂಖ್ಯೆ ಆಗ ಸುಮಾರು 80 ಲಕ್ಷ. ಹಸಿವು, ಕಾಯಿಲೆ, ಅತಿಯಾದ ದುಡಿಮೆ, ಕೊಲೆ ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ.

ಇನ್ನು ಎಸ್-21. 1976ರಲ್ಲಿ ಈ ಶಾಲೆಯ ಆವರಣಕ್ಕೆ ಬಂತು. ಅದರ ಮುಖ್ಯಸ್ಥ ಕಾಂಗ್ ಗೆಕ್ ಇಯವ್. ಎಲ್ಲರೂ ಕರೆಯುವ ಹೆಸರು ಡುಯಿಕ್. ಆತ ಹಿಂದೆ ಗಣಿತದ ಮೇಷ್ಟ್ರು. ಅವನ ಮೇಲಿದ್ದ ಸೋನ್ ಸೆನ್ ಕೂಡ ಮೇಷ್ಟ್ರಾಗಿದ್ದವನು. ಪೋಲ್ ಪಾಟ್ ಕೂಡ ಪ್ಯಾರಿಸ್‌ಗೆ ವಿದ್ಯಾರ್ಥಿವೇತನದ ಮೇಲೆ ಓದಲು ಹೋಗಿ ಬಂದು ಪಾಠ ಹೇಳಿದವನು. ಪಾಠ ಹೇಳಿದ ಮನುಷ್ಯರು ಶಾಲೆಯೊಂದನ್ನು ಜೈಲು ಮಾಡಿದರು. ಇದು ನನ್ನನ್ನು ಬಹಳ ಕಾಡಿದ ವಿಷಯ.

ಇನ್ನೊಂದು ಸಂಗತಿ ಗೊತ್ತಿರಲಿ. ಇಲ್ಲಿ ಬಂದ ಕೈದಿಗಳಲ್ಲಿ ದೊಡ್ಡ ಪಾಲು ಖ್ಮೇರ್ ರೂಜ್‌ನದೇ ಜನ. ಅವರದೇ ಸೈನಿಕರು, ಕಾರ್ಯಕರ್ತರು, ಅಧಿಕಾರಿಗಳು, ಅವರ ಹೆಂಡತಿ ಮಕ್ಕಳು. ಪಕ್ಷದೊಳಗೆ ಅನುಮಾನ ಹಬ್ಬಿದ ಹಾಗೆ ಕೈದಿಗಳ ಸಂಖ್ಯೆಯೂ ಏರಿತು. ಜೈಲಿನ ಕಾವಲುಗಾರರನ್ನೇ ಹಿಡಿದು ಅದೇ ಕೋಣೆಗೆ ಹಾಕಿದ್ದೂ ಇದೆ. ಹಾಗಾಗಿ ಗೋಡೆಯ ಮೇಲಿನ ಫೋಟೋಗಳಲ್ಲಿ ಯಾರು ಕೊಂದವರು, ಯಾರು ಸತ್ತವರು ಎಂದು ಗೆರೆ ಎಳೆಯಲು ಹೋದರೆ ಅದು ಅಷ್ಟು ಸಲೀಸಲ್ಲ.

ನಮಗೂ ಇದಕ್ಕೂ ಒಂದು ನಂಟಿದೆ. 1979ರಲ್ಲಿ ವಿಯೆಟ್ನಾಂ ಬೆಂಬಲದಿಂದ ಬಂದ ಹೊಸ ಸರ್ಕಾರವನ್ನು ಪಶ್ಚಿಮದ ದೇಶಗಳು ಮತ್ತು ಚೀನಾ ಒಪ್ಪದೆ, ವಿಶ್ವಸಂಸ್ಥೆಯ ಕುರ್ಚಿಯಲ್ಲಿ ಖ್ಮೇರ್ ರೂಜ್ ಪ್ರತಿನಿಧಿಯೇ ಕೂತಿದ್ದಾಗ, ಭಾರತ 1980ರಲ್ಲೇ ನೋಮ್ ಪೆನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಅಂತರ್ಯುದ್ಧ ಇನ್ನೂ ನಡೆಯುತ್ತಿದ್ದ 1986ರಲ್ಲಿ ನಮ್ಮ ಪುರಾತತ್ವ ಇಲಾಖೆಯವರು ಅಂಗ್‌ಕೋರ್ ವಾಟ್‌ಗೆ ಹೋಗಿ 1993ರ ತನಕ ದುರಸ್ತಿ ಕೆಲಸ ಮಾಡಿದರು. ನೀವು ಸಿಯಾಮ್ ರೀಪ್‌ನಲ್ಲಿ ನೋಡುವ ದೇವಸ್ಥಾನದ ಹಿಂದೆಯೂ ಈ ಕಥೆಯೇ ಇದೆ, ಅಲ್ವಾ.

ದಿನ, ಹೊತ್ತು, ದುಡ್ಡು

ಭಾರತೀಯರಿಗೆ ವೀಸಾ ಬೇಕು, ಆನ್‌ಲೈನ್‌ನಲ್ಲೇ ಮಾಡಿಕೊಂಡು ಹೋಗಿ. ಸಿಯಾಮ್ ರೀಪ್‌ನಿಂದ ನೋಮ್ ಪೆನ್‌ಗೆ ಬಸ್ಸಿನಲ್ಲಿ ಸುಮಾರು ಆರು ಗಂಟೆ. ಅಲ್ಲಿ ಡಾಲರ್ ಎಲ್ಲ ಕಡೆ ನಡೆಯುತ್ತದೆ, ಚಿಲ್ಲರೆ ಮಾತ್ರ ಅವರ ರಿಯಲ್‌ನಲ್ಲಿ ಬರುತ್ತದೆ. ಹರಿದ, ಗೀಚಿದ ಡಾಲರ್ ನೋಟು ಯಾರೂ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ದುಡ್ಡು ಬದಲಾಯಿಸುವಾಗಲೇ ಚೊಕ್ಕ ನೋಟು, ಅದರಲ್ಲೂ 1, 5, 10ರ ಸಣ್ಣ ನೋಟು ಕೇಳಿ ಪಡೆಯಿರಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್ ಬಿಸಿಲು ತಡೆಯಲು ಆಗುವುದಿಲ್ಲ.

ತೂಲ್ ಸ್ಲೆಂಗ್ ಬೆಳಿಗ್ಗೆ 8ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತದೆ. ಊರಿನ ಮಧ್ಯದಲ್ಲೇ ಇದೆ, ಯಾವ ಟುಕ್‌ಟುಕ್‌ನವರಿಗೆ ಹೇಳಿದರೂ ಗೊತ್ತು. ಫೋನಿನಲ್ಲಿ ಗ್ರ್ಯಾಬ್ ಅಥವಾ ಪಾಸ್‌ಆ್ಯಪ್ ಎಂಬ ಬಾಡಿಗೆ ಗಾಡಿಯ ಆ್ಯಪ್ ಹಾಕಿಕೊಂಡಿದ್ದರೆ ಚೌಕಾಸಿ ಮಾಡುವ ಗೋಳು ಇರುವುದಿಲ್ಲ. ವಿದೇಶಿಯರಿಗೆ ಟಿಕೆಟ್ 5 ಡಾಲರ್, ಆಡಿಯೋ ಗೈಡ್‌ಗೆ ಇನ್ನೊಂದು 5 ಡಾಲರ್. ದರ ಆಗಾಗ ಬದಲಾಗುತ್ತದೆ, ಕೈಯಲ್ಲಿ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಆಡಿಯೋ ಗೈಡ್ ತೆಗೆದುಕೊಳ್ಳಲೇಬೇಕು, ಇದರಲ್ಲಿ ಉಳಿತಾಯ ಮಾಡಬೇಡಿ. ಕೋಣೆಗಳಲ್ಲಿ ಬರಹ ಬಹಳ ಕಡಿಮೆ. ಆಡಿಯೋ ಇಲ್ಲದೆ ಹೋದರೆ ಖಾಲಿ ಮಂಚ, ಖಾಲಿ ಗೋಡೆ ನೋಡಿಕೊಂಡು ಬರುತ್ತೀರಿ. ಕನ್ನಡದಲ್ಲಿ ಇಲ್ಲ, ಇಂಗ್ಲಿಷ್‌ನಲ್ಲಿ ಕೇಳಬೇಕಾಗುತ್ತದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಹಿಂದಿನ ದಿನ ಹೋಟೆಲಿನಲ್ಲಿ ಕೂತು ಕಥೆಯನ್ನು ಕನ್ನಡದಲ್ಲಿ ಹೇಳಿಬಿಡಿ. ಒಳಗೆ ನಿಂತು ಜೋರಾಗಿ ಅನುವಾದ ಮಾಡುತ್ತಾ ಹೋದರೆ ಪಕ್ಕದವರಿಗೆ ಕಷ್ಟ. ಮಂಡಿ ನೋವಿದ್ದವರು ನೆಲಮಹಡಿಯಲ್ಲೇ ಮುಖ್ಯವಾದದ್ದನ್ನೆಲ್ಲ ನೋಡಬಹುದು, ಮೇಲಕ್ಕೆ ಹತ್ತಲು ಹಳೆಯ ಶಾಲೆಯ ಮೆಟ್ಟಿಲೇ ಗತಿ.

ಮಕ್ಕಳ ವಿಷಯ. ಪ್ರೈಮರಿ ಶಾಲೆಯ ಮಕ್ಕಳನ್ನು ದಯವಿಟ್ಟು ಕರೆದೊಯ್ಯಬೇಡಿ. ಹೆಣದ ಫೋಟೋ ದೊಡ್ಡದಾಗಿಯೇ ಗೋಡೆಯಲ್ಲಿ ಇದೆ, ಮರೆಮಾಡಲು ಸಾಧ್ಯವಿಲ್ಲ. ದಂಪತಿಗಳಾದರೆ ಒಬ್ಬರು ಮಗುವಿನ ಜೊತೆ ಹೊರಗಿದ್ದು ಸರದಿಯ ಮೇಲೆ ನೋಡಿ. ಹತ್ತನೇ ತರಗತಿಯ ಆಸುಪಾಸಿನ ಮಕ್ಕಳನ್ನು, ಮೊದಲೇ ಮಾತಾಡಿ, ಅವರು ಒಪ್ಪಿದರೆ ಕರೆದುಕೊಂಡು ಹೋಗಿ.

ಬಟ್ಟೆ: ಭುಜ, ಮಂಡಿ ಮುಚ್ಚಿರಲಿ. ದೇವಸ್ಥಾನಕ್ಕೆ ಹಾಕುವಂಥದ್ದೇ ಸಾಕು. ನೀರಿನ ಬಾಟಲಿ, ಟೋಪಿ ಇರಲಿ. ಹೊಟ್ಟೆ ತುಂಬಾ ತಿಂಡಿ ತಿಂದು ಹೋಗಬೇಡಿ, ಹಾಗೆಂದು ಉಪವಾಸವೂ ಹೋಗಬೇಡಿ, ತಲೆ ಸುತ್ತಿ ಕೂತವರನ್ನು ಅಲ್ಲಿ ನೋಡಿದ್ದೇನೆ.

ತೂಲ್ ಸ್ಲೆಂಗ್ ಒಳಗೆ

8 ಗಂಟೆಗೇ ಗೇಟಿನಲ್ಲಿರಿ. ಒಂಬತ್ತೂವರೆ ಹೊತ್ತಿಗೆ ಟೂರ್ ಬಸ್ಸುಗಳು ಬರಲು ಶುರುವಾಗುತ್ತವೆ, ಆಮೇಲೆ ಸಣ್ಣ ಕೋಣೆಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಕನಿಷ್ಠ ಎರಡೂವರೆ ಗಂಟೆ ಬೇಕು, ಮೂರು ಇದ್ದರೆ ಒಳ್ಳೆಯದು.

ಒಳಗೆ ಕಾಲಿಟ್ಟ ಕೂಡಲೇ ಕಾಣುವುದು ನಮ್ಮ ಯಾವುದೋ ಜಿಲ್ಲಾ ಕೇಂದ್ರದ ಸರ್ಕಾರಿ ಹೈಸ್ಕೂಲಿನಂಥ ನೋಟ: ಮೂರು ಮಹಡಿಯ ಉದ್ದ ಕಟ್ಟಡಗಳು, ಮುಂದೆ ಪಡಸಾಲೆ, ಮಧ್ಯೆ ಅಂಗಳ, ಅಂಗಳದಲ್ಲಿ ಮರ. ಅಲ್ಲೇ ಬೆಂಚಿನ ಮೇಲೆ ಕೂತು ಆಡಿಯೋದ ಮೊದಲ ಭಾಗ ಕೇಳಿ. ಅವಸರ ಬೇಡ. ಅಂಗಳದಲ್ಲಿ 14 ಬಿಳಿ ಗೋರಿಗಳಿವೆ. 1979ರ ಜನವರಿಯಲ್ಲಿ ಕಾವಲುಗಾರರು ಓಡಿಹೋಗುವ ಮುಂಚೆ ಕೊಂದು ಬಿಟ್ಟುಹೋದ ಕೊನೆಯ ಕೈದಿಗಳವು. ವಿಯೆಟ್ನಾಂ ಸೇನೆಯ ಜೊತೆ ಬಂದ ಫೋಟೋಗ್ರಾಫರ್‌ಗಳಿಗೆ ಈ ಜಾಗದ ಸುಳಿವು ಸಿಕ್ಕಿದ್ದು ಕೊಳೆತ ವಾಸನೆಯಿಂದ.

ಕಟ್ಟಡಗಳಿಗೆ ಎ, ಬಿ, ಸಿ, ಡಿ ಎಂದು ಹೆಸರು. ಅದೇ ಕ್ರಮದಲ್ಲಿ ಹೋಗಿ.

ಎ ಕಟ್ಟಡದಲ್ಲಿ ಮುಖ್ಯ ಕೈದಿಗಳ ವಿಚಾರಣೆ ನಡೆಯುತ್ತಿತ್ತು. ಒಂದು ಕ್ಲಾಸ್‌ರೂಮಿಗೆ ಒಂದು ಕಬ್ಬಿಣದ ಮಂಚ, ಕಾಲಿಗೆ ಹಾಕುವ ಬೇಡಿ, ಮಲಮೂತ್ರಕ್ಕೆ ಮದ್ದುಗುಂಡಿನ ಡಬ್ಬಿ. ಗೋಡೆಯ ಮೇಲೆ ಒಂದು ಮಸುಕಾದ ಕಪ್ಪು ಬಿಳುಪು ಫೋಟೋ: ಆ ಕೋಣೆಯನ್ನು 1979ರಲ್ಲಿ ತೆರೆದಾಗ ಮಂಚದ ಮೇಲೆ ಇದ್ದ ಹೆಣ. ಎಲ್ಲ ಕೋಣೆಗೂ ಹೋಗಬೇಕಾಗಿಲ್ಲ. ಎರಡು ಕೋಣೆ ನೋಡಿ ಸಾಕು, ಆದರೆ ಆ ಎರಡರಲ್ಲಿ ನಿಂತು ನೋಡಿ. ನೆಲದ ಬಣ್ಣದ ಟೈಲ್ಸ್, ಕಿಟಕಿಯಿಂದ ಬರುವ ಬೆಳಕು, ಎಲ್ಲವೂ ಕ್ಲಾಸ್‌ರೂಮಿನದೇ.

ಹೊರಗೆ ಬಂದರೆ ಎರಡು ಕಂಬದ ಮೇಲೆ ಅಡ್ಡ ತೊಲೆ ಇಟ್ಟ ಚೌಕಟ್ಟೊಂದು ಕಾಣುತ್ತದೆ. ಶಾಲೆಯ ಮಕ್ಕಳು ವ್ಯಾಯಾಮಕ್ಕೆ ಬಳಸುತ್ತಿದ್ದದ್ದು. ಜೈಲಾದ ಮೇಲೆ ಕೈದಿಗಳನ್ನು ಅದಕ್ಕೆ ತಲೆಕೆಳಗಾಗಿ ನೇತುಹಾಕಿ, ಪ್ರಜ್ಞೆ ತಪ್ಪಿದರೆ ಕೆಳಗಿನ ಗುಡಾಣದ ಕೊಳಕು ನೀರಿಗೆ ತಲೆ ಅದ್ದುತ್ತಿದ್ದರು. ಹತ್ತಿರದಲ್ಲೇ ಕೈದಿಗಳಿಗೆ ಹಾಕಿದ್ದ ಹತ್ತು ನಿಯಮಗಳ ಫಲಕ ಇದೆ. ಹೊಡೆಯುವಾಗಲೂ ಕರೆಂಟ್ ಕೊಡುವಾಗಲೂ ಅಳಬಾರದು ಎನ್ನುವುದು ಅದರಲ್ಲೊಂದು.

ಬಿ ಕಟ್ಟಡಕ್ಕೆ ಹೆಚ್ಚು ಸಮಯ ಕೊಡಿ. ಇಡೀ ಜಾಗದಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಹಲಗೆಗಳ ತುಂಬಾ ಮುಖಗಳು. ಜೈಲಿಗೆ ತಂದ ತಕ್ಷಣ ಪ್ರತಿಯೊಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ, ಎದೆಗೆ ನಂಬರ್ ಚುಚ್ಚಿ ಫೋಟೋ ತೆಗೆಯುತ್ತಿದ್ದರು. ಮುದುಕರು, ಹರೆಯದವರು, ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು, ಮೀಸೆ ಮೂಡದ ಹುಡುಗರು. ಕೆಲವರು ಗಾಬರಿಯಲ್ಲಿದ್ದಾರೆ, ಕೆಲವರಿಗೆ ಏನೂ ಗೊತ್ತಾಗಿಲ್ಲ, ಒಬ್ಬಿಬ್ಬರು ಕ್ಯಾಮೆರಾ ಕಂಡು ಅಭ್ಯಾಸದಿಂದ ನಕ್ಕಿದ್ದಾರೆ. ಸಾಲು ಸಾಲು ಮುಖದ ಮುಂದೆ ಕಣ್ಣಾಡಿಸಿಕೊಂಡು ನಡೆದುಬಿಟ್ಟರೆ ಎಲ್ಲವೂ ಒಂದೇ ಆಗಿಬಿಡುತ್ತದೆ. ಹಾಗಾಗಿ ಒಂದು ಹಲಗೆಯಲ್ಲಿ ಒಂದೇ ಮುಖ ಆರಿಸಿ, ಒಂದು ನಿಮಿಷ ಅದನ್ನೇ ನೋಡಿ, ಆಮೇಲೆ ಮುಂದಿನ ಹಲಗೆಗೆ ಹೋಗಿ. ಇದನ್ನು ಕೆಲಸದ ಹಾಗೆ ಮಾಡಿ, ಬಿಡಬೇಡಿ.

ಈ ಫೋಟೋಗಳ ಹಿಂದಿನ ವ್ಯವಸ್ಥೆಯನ್ನು ಇಲ್ಲಿ ನಿಂತೇ ಅರ್ಥ ಮಾಡಿಕೊಳ್ಳಬೇಕು. ಫೋಟೋ ಆದ ಮೇಲೆ ಕೈದಿ ತನ್ನ ಜೀವನಚರಿತ್ರೆ ಬರೆದುಕೊಡಬೇಕು. ಆಮೇಲೆ ವಿಚಾರಣೆ, ಹಿಂಸೆ. ತಾನು ಅಮೆರಿಕದ ಸಿಐಎ, ಸೋವಿಯತ್ ರಷ್ಯಾದ ಕೆಜಿಬಿ ಅಥವಾ ವಿಯೆಟ್ನಾಂನ ಗೂಢಚಾರ ಎಂದು ಒಪ್ಪಿಕೊಳ್ಳುವ ತನಕ ಬಿಡುತ್ತಿರಲಿಲ್ಲ. ಹಳ್ಳಿಯ ರೈತನೂ ಎರಡು ಮೂರು ದೇಶದ ಗೂಢಚಾರನಾಗುತ್ತಿದ್ದ. ಹೇಳಿಕೆ ಸರಿ ಬರಲಿಲ್ಲ ಎಂದರೆ ಮತ್ತೆ ಬರೆಸುತ್ತಿದ್ದರು, ಡುಯಿಕ್ ಮೇಷ್ಟ್ರು ಉತ್ತರಪತ್ರಿಕೆ ತಿದ್ದಿದಂತೆ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದ. ಕೊನೆಯಲ್ಲಿ ಜೊತೆಗಾರರ ಹೆಸರಿನ ಪಟ್ಟಿ ಬೇಕು. ಹೆಸರು ಬಂದವರನ್ನು ಹಿಡಿದು ತರುತ್ತಿದ್ದರು, ಅವರಿಂದ ಮತ್ತಷ್ಟು ಹೆಸರು. ಕಾಗದ ಕಾಗದವನ್ನು ಹುಟ್ಟಿಸುತ್ತಾ ಹೋಯಿತು. ಓಡಿಹೋಗುವಾಗ ಇದನ್ನೆಲ್ಲ ಸುಡಲು ಅವರಿಗೆ ಸಮಯ ಸಿಗಲಿಲ್ಲ. ಸಾವಿರಾರು ಹೇಳಿಕೆಗಳು, ಸಾವಿರಾರು ಮುಖಚಿತ್ರಗಳು ಉಳಿದವು. ಯುನೆಸ್ಕೋ 2009ರಲ್ಲಿ ಈ ಕಡತಗಳನ್ನು ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಕೊಂದವರನ್ನು ಮುಂದೆ ವಿಶ್ವಸಂಸ್ಥೆಯ ನೆರವಿನ ವಿಶೇಷ ಕೋರ್ಟಿಗೆ ಎಳೆದದ್ದೂ ಅವರದೇ ಕಾಗದಗಳು.

ವಿದೇಶಿಯರೂ ಇಲ್ಲಿ ಸತ್ತಿದ್ದಾರೆ. ನ್ಯೂಜಿಲೆಂಡ್‌ನ ಕೆರ್ರಿ ಹ್ಯಾಮಿಲ್ ಎಂಬ ಹುಡುಗ 1978ರಲ್ಲಿ ದೋಣಿಯಲ್ಲಿ ಸುತ್ತುತ್ತಾ ಕಾಂಬೋಡಿಯಾದ ನೀರಿಗೆ ಬಂದು ಸಿಕ್ಕಿಬಿದ್ದ. ಅವನ ತಪ್ಪೊಪ್ಪಿಗೆಯಲ್ಲಿ ತನ್ನ ಸಿಐಎ ಮೇಲಧಿಕಾರಿಯ ಹೆಸರು ಕರ್ನಲ್ ಸ್ಯಾಂಡರ್ಸ್ ಎಂದಿದೆ, ಅಂದರೆ ಕೆಎಫ್‌ಸಿ ಕೋಳಿ ಅಂಗಡಿಯ ಮುದುಕ. ಎಸ್. ಟಾರ್ ಎಂಬ ಇನ್ನೊಂದು ಹೆಸರಿನಲ್ಲಿ ಅವನ ತಾಯಿ ಎಸ್ತರ್ ಅಡಗಿದ್ದಾಳೆ ಎಂದು ತಮ್ಮ ರಾಬ್ 2009ರಲ್ಲಿ ಕೋರ್ಟಿನಲ್ಲಿ ನಿಂತು ಹೇಳಿದ. ಆ ಹಿಂಸೆಯ ಮಧ್ಯೆ ಮನೆಯವರಿಗೆ ಒಂದು ಗುರುತು ಕಳಿಸಲು ನೋಡಿದ್ದಾನೆ. ಆ ಹೇಳಿಕೆಗಳಲ್ಲಿ ಒಂದಕ್ಷರವೂ ನಿಜವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಸಿ ಕಟ್ಟಡದ ಪಡಸಾಲೆಗೆ ಮುಳ್ಳುತಂತಿ ಬಿಗಿದಿದ್ದಾರೆ. ಕೈದಿಗಳು ಮೇಲಿನಿಂದ ಹಾರಿ ಸಾಯಬಾರದು ಎಂದು. ಸಾವೂ ಅವರು ಹೇಳಿದಾಗಲೇ ಬರಬೇಕಿತ್ತು. ಒಳಗೆ ಕ್ಲಾಸ್‌ರೂಮುಗಳನ್ನು ಇಟ್ಟಿಗೆಯಿಂದ, ಮೇಲಿನ ಮಹಡಿಯಲ್ಲಿ ಹಲಗೆಯಿಂದ ಸಣ್ಣ ಸಣ್ಣ ಗೂಡು ಮಾಡಿದ್ದಾರೆ. ಒಬ್ಬರು ಮಲಗಿದರೆ ಮುಗಿಯಿತು. ಗೂಡಿನೊಳಗೆ ಹೋಗಿ ನಿಂತು ಫೋಟೋ ತೆಗೆಸಿಕೊಳ್ಳುವವರು ಇರುತ್ತಾರೆ, ನೀವು ಮಾಡಬೇಡಿ. ಕಟ್ಟಡದೊಳಗೆ ಫೋಟೋ ತೆಗೆಯಬಾರದು ಎಂಬ ಫಲಕಗಳೂ ಇವೆ, ಪಾಲಿಸಿ.

ಡಿ ಕಟ್ಟಡದಲ್ಲಿ ಹಿಂಸೆಯ ಸಲಕರಣೆ ಮತ್ತು ವಾನ್ ನಾತ್‌ರ ಚಿತ್ರಗಳು. ವಾನ್ ನಾತ್ ಇಲ್ಲಿ ಕೈದಿಯಾಗಿದ್ದ ಕಲಾವಿದ. ಪೋಲ್ ಪಾಟ್‌ನ ಚಿತ್ರ ಬರೆಯಲು ಬೇಕು ಎಂದು ಅವರನ್ನು ಉಳಿಸಿಕೊಂಡರು. ಹೊರಬಂದ ಮೇಲೆ ತಾವು ಕಂಡದ್ದನ್ನು, ಕೇಳಿದ್ದನ್ನು ಚಿತ್ರವಾಗಿ ಬರೆದರು. 2011ರಲ್ಲಿ ತೀರಿಕೊಂಡರು. ಬದುಕಿ ಉಳಿದವರು ಬೆರಳೆಣಿಕೆ, ಉಳಿದದ್ದೂ ಕೈಕಸುಬಿನಿಂದ. ಚುಮ್ ಮೇ ಮೆಕ್ಯಾನಿಕ್, ಜೈಲಿನ ಹೊಲಿಗೆ ಯಂತ್ರ, ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ಬೌ ಮೆಂಗ್ ಕೂಡ ಚಿತ್ರಕಾರ. ಎಷ್ಟೋ ವರ್ಷ ಇವರಿಬ್ಬರೂ ಅಂಗಳದಲ್ಲಿ ಮೇಜು ಹಾಕಿ ತಮ್ಮ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. ಬದುಕುಳಿದವರು ಯಾರಾದರೂ ಕೂತಿದ್ದರೆ ಕೈಮುಗಿದು ಮಾತಾಡಿಸಿ, ಪುಸ್ತಕ ಕೊಳ್ಳಿ. ಏನು ಮಾಡಿದರು, ಹೇಗೆ ಹೊಡೆದರು ಎಂದು ಮಾತ್ರ ಕೆದಕಬೇಡಿ.

ಹೊರಡುವ ಮುಂಚೆ ಅಂಗಳದ ಸ್ಮಾರಕದ ಬಳಿ ಹೋಗಿ. ಕಪ್ಪು ಕಲ್ಲಿನಲ್ಲಿ ಸತ್ತವರ ಹೆಸರುಗಳು. ಒಟ್ಟು ಎಷ್ಟು ಜನ ಇಲ್ಲಿಂದ ಹಾದುಹೋದರು ಎಂಬ ಲೆಕ್ಕ ಪೂರ್ತಿ ಸಿಕ್ಕಿಲ್ಲ. ಕೋರ್ಟು ಕನಿಷ್ಠ 12 ಸಾವಿರ ಎಂದಿತು, ಬೇರೆ ಅಂದಾಜು 18 ಸಾವಿರದ ತನಕ ಹೋಗುತ್ತದೆ.

ಒಂದು ಎಚ್ಚರ. ಮ್ಯೂಸಿಯಂ ಕೂಡ ಯಾರೋ ಮಾಡಿದ್ದೇ. ಇದನ್ನು ರೂಪಿಸಿದ್ದು ಮಾಯ್ ಲಾಮ್ ಎಂಬ ವಿಯೆಟ್ನಾಂ ಅಧಿಕಾರಿ. ಸೈಗಾನ್‌ನ ಯುದ್ಧ ಮ್ಯೂಸಿಯಂ ಹಿಂದೆಯೂ ಅವರಿದ್ದರು. ವಿಯೆಟ್ನಾಂ ಸೇನೆ ಬಂದದ್ದು ಸರಿ ಎಂದು ಜಗತ್ತಿಗೆ ತೋರಿಸುವ ಉದ್ದೇಶವೂ ಅವತ್ತು ಇತ್ತು. ತಲೆಬುರುಡೆಗಳಿಂದ ಮಾಡಿದ ಕಾಂಬೋಡಿಯಾ ನಕ್ಷೆಯನ್ನು ಬಹಳ ವರ್ಷ ಗೋಡೆಗೆ ಹಾಕಿದ್ದರು, 2002ರಲ್ಲಿ ತೆಗೆದರು. ನನ್ನ ಪ್ರಕಾರ ತೆಗೆದದ್ದೇ ಸರಿ. ಇದರಿಂದ ಅಲ್ಲಿ ನಡೆದದ್ದು ಸುಳ್ಳಾಗುವುದಿಲ್ಲ. ಯಾರು, ಯಾವಾಗ, ಯಾಕೆ ತೋರಿಸುತ್ತಿದ್ದಾರೆ ಎಂಬ ಪ್ರಶ್ನೆ ಜೊತೆಯಲ್ಲಿರಲಿ ಅಷ್ಟೆ.

ಮಧ್ಯೆ ಒಂದು ಬಿಡುವು

ತೂಲ್ ಸ್ಲೆಂಗ್ ಮುಗಿಸಿ ನೇರವಾಗಿ ಚೊಯುಂಗ್ ಏಕ್‌ಗೆ ಓಡಬೇಡಿ. ಊಟ ಮಾಡಿ, ಸುಮ್ನೆ ಒಂದು ಗಂಟೆ ಕೂರಿ. ಕೆಲವರು ಉಲ್ಟಾ ಮಾಡುತ್ತಾರೆ, ಮೊದಲು ಚೊಯುಂಗ್ ಏಕ್, ಆಮೇಲೆ ಜೈಲು. ಅದು ಬೇಡ. ಮುಖಗಳನ್ನು ನೋಡಿಕೊಂಡು ಹೋದರೆ ಆ ಹೊಲದಲ್ಲಿ ಯಾರು ಮಲಗಿದ್ದಾರೆ ಎಂದು ಗೊತ್ತಿರುತ್ತದೆ.

ಚೊಯುಂಗ್ ಏಕ್

ಊರಿನಿಂದ ಸುಮಾರು 15 ಕಿಲೋಮೀಟರ್. ಟುಕ್‌ಟುಕ್‌ನಲ್ಲಿ ಮುಕ್ಕಾಲು ಗಂಟೆ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ಕಾಯ್ದು ವಾಪಸ್ ಕರೆತರುವ ಹಾಗೆ ಮೊದಲೇ ಮಾತಾಡಿಕೊಳ್ಳಿ. ಧೂಳು ಬಹಳ, ಮಾಸ್ಕ್ ಇರಲಿ. ಕೆಲವು ಡ್ರೈವರ್‌ಗಳು ದಾರಿಯಲ್ಲಿ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋಗುತ್ತೇನೆ, ನಿಜವಾದ ಬಂದೂಕು ಹಾರಿಸಬಹುದು ಎನ್ನುತ್ತಾರೆ. ಖಡಾಖಂಡಿತ ಬೇಡ ಎನ್ನಿ.

ಇಲ್ಲೂ ಆಡಿಯೋ ಸಿಗುತ್ತದೆ, ತೆಗೆದುಕೊಳ್ಳಿ. ಆ ಆಡಿಯೋ ಬಹಳ ಚೆನ್ನಾಗಿದೆ, ಬದುಕುಳಿದವರ ಮಾತುಗಳೇ ಅದರಲ್ಲಿವೆ. ಎಲ್ಲರೂ ಹೆಡ್‌ಫೋನ್ ಹಾಕಿಕೊಂಡಿರುವುದರಿಂದ ಇಡೀ ಜಾಗ ಮೌನವಾಗಿರುತ್ತದೆ.

ಹಿಂದೆ ಇದು ಹಣ್ಣಿನ ತೋಟ ಮತ್ತು ಚೀನಿಯರ ಸ್ಮಶಾನ. ರಾತ್ರಿ ಲಾರಿಯಲ್ಲಿ ಕಣ್ಣು ಕಟ್ಟಿ ತರುತ್ತಿದ್ದರು, ಬೇರೆ ಮನೆಗೆ ಕಳಿಸುತ್ತಿದ್ದೇವೆ ಎಂದು ನಂಬಿಸಿ. ಗುಂಡಿನ ಖರ್ಚು ಉಳಿಸಲು ಗುದ್ದಲಿ, ಕಬ್ಬಿಣದ ಸರಳು, ಮಚ್ಚು ಬಳಸಿದರು. ಕೂಗು ಹೊರಗೆ ಕೇಳದಿರಲಿ ಎಂದು ಮರಕ್ಕೆ ಧ್ವನಿವರ್ಧಕ ಕಟ್ಟಿ ಹಾಡು ಹಾಕುತ್ತಿದ್ದರು. ಇಲ್ಲಿ 129 ಸಾಮೂಹಿಕ ಗುಂಡಿಗಳು ಸಿಕ್ಕವು. 86ನ್ನು ಅಗೆದಾಗ 8,985 ಜನರ ಅವಶೇಷ ಬಂತು. ಉಳಿದ 43ನ್ನು ಮುಟ್ಟದೆ ಬಿಟ್ಟಿದ್ದಾರೆ.

ಹಲಗೆ ಹಾಕಿದ ದಾರಿ ಬಿಟ್ಟು ಕಾಲಿಡಬೇಡಿ. ಮಳೆ ಬಂದಾಗ ಮಣ್ಣು ತೊಳೆದು ಈಗಲೂ ಮೂಳೆಯ ಚೂರು, ಬಟ್ಟೆಯ ತುಂಡು ಮೇಲೆ ಬರುತ್ತವೆ. ಕಂಡರೆ ಮುಟ್ಟಬೇಡಿ, ಸಿಬ್ಬಂದಿ ಎತ್ತಿಡುತ್ತಾರೆ. ಮಕ್ಕಳನ್ನು ಬಡಿದು ಕೊಂದ ಒಂದು ಮರ ಇದೆ. ಅದಕ್ಕೆ ಬಂದವರು ಬಣ್ಣದ ದಾರದ ಬಳೆಗಳನ್ನು ಕಟ್ಟಿದ್ದಾರೆ. ಅಲ್ಲಿ ಆಡಿಯೋ ಕೇಳಲು ಆಗದಿದ್ದರೆ ಆ ಭಾಗ ಬಿಟ್ಟು ಮುಂದೆ ನಡೆಯಿರಿ, ಅದರಲ್ಲಿ ತಪ್ಪೇನಿಲ್ಲ. ಪಕ್ಕದ ಕೆರೆಯ ಸುತ್ತ ಒಂದು ದಾರಿ ಇದೆ, ಬೆಂಚುಗಳಿವೆ. ಹೆಚ್ಚಿನವರು ಆ ಕಡೆ ಬರುವುದೇ ಇಲ್ಲ. ಬೌ ಮೆಂಗ್ ಕೋರ್ಟಿನಲ್ಲಿ ಡುಯಿಕ್‌ನನ್ನು ಕೇಳಿದ್ದು ಒಂದೇ: ನನ್ನ ಹೆಂಡತಿಯನ್ನು ಎಲ್ಲಿ ಕೊಂದಿರಿ? ಹೋಗಿ ಅಲ್ಲಿನ ಮಣ್ಣು ತಂದು ಪ್ರಾರ್ಥನೆ ಮಾಡಬೇಕು. ಬಹುಶಃ ಚೊಯುಂಗ್ ಏಕ್‌ನಲ್ಲಿ ಎನ್ನುವುದಕ್ಕಿಂತ ಹೆಚ್ಚು ಹೇಳಲು ಡುಯಿಕ್‌ಗೆ ಆಗಲಿಲ್ಲ. ಅಷ್ಟೊಂದು ಲೆಕ್ಕ ಇಟ್ಟವನಿಗೆ!

ಕೊನೆಗೆ ಸ್ತೂಪ. 1988ರಲ್ಲಿ ಕಟ್ಟಿದ್ದು. ಗಾಜಿನ ಹಿಂದೆ ತಲೆಬುರುಡೆಗಳನ್ನು ಮಹಡಿ ಮಹಡಿಯಾಗಿ ಇಟ್ಟಿದ್ದಾರೆ, ವಯಸ್ಸು, ಏಟು ಬಿದ್ದ ಬಗೆ ತಿಳಿಸಲು ಬಣ್ಣದ ಚುಕ್ಕಿ ಅಂಟಿಸಿದ್ದಾರೆ. ಚಪ್ಪಲಿ, ಟೋಪಿ ತೆಗೆದು ಒಳಗೆ ಹೋಗಬೇಕು. ಹೊರಗೆ ಹೂವು, ಊದಿನಕಡ್ಡಿ ಸಿಗುತ್ತದೆ. ಇಟ್ಟು ಕೈಮುಗಿಯಬಹುದು, ಅಲ್ಲಿನ ಜನರೂ ಅದನ್ನೇ ಮಾಡುತ್ತಾರೆ. ಮೇ 20ರಂದು ಇಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ, ಆ ದಿನ ಸಿಕ್ಕರೆ ಅಲ್ಲಿನವರ ಜೊತೆ ಹಿಂದೆ ನಿಂತು ನೋಡಿ.

ಆಮೇಲೆ ಏನಾಯಿತು ಎಂದು ಕೇಳುವವರಿಗೆ

ಹೊರಬಂದ ಮೇಲೆ ಎಲ್ಲರೂ ಕೇಳುವುದು ಇದನ್ನೇ. ಪೋಲ್ ಪಾಟ್ ಅಂತರರಾಷ್ಟ್ರೀಯ ಕೋರ್ಟಿನ ಮುಖ ನೋಡದೆ 1998ರ ಏಪ್ರಿಲ್‌ನಲ್ಲಿ ಕಾಡಿನಲ್ಲಿ ಸತ್ತ. ಡುಯಿಕ್ ಬೇರೆ ಹೆಸರಿನಲ್ಲಿ ಬದುಕುತ್ತಿದ್ದ, 1999ರಲ್ಲಿ ಒಬ್ಬ ಫೋಟೋಗ್ರಾಫರ್ ಪತ್ತೆ ಹಚ್ಚಿದ. ವಿಚಾರಣೆಯಲ್ಲಿ ಕ್ಷಮೆ ಕೇಳಿದ, ಕೊನೆಯ ದಿನ ಬಿಡುಗಡೆಯನ್ನೂ ಕೇಳಿದ. 2010ರಲ್ಲಿ 35 ವರ್ಷ ಶಿಕ್ಷೆಯಾಯಿತು, 2012ರಲ್ಲಿ ಅದು ಜೀವಾವಧಿಯಾಯಿತು, 2020ರಲ್ಲಿ ಸತ್ತ. ಮೇಲಿನ ನಾಯಕರಾದ ನುವೋನ್ ಚಿಯಾ ಮತ್ತು ಖಿಯು ಸಂಫಾನ್ ಮೇಲೆ ನರಮೇಧದ ಆರೋಪ 2018ರಲ್ಲಿ ಸಾಬೀತಾಯಿತು. ನಲವತ್ತು ವರ್ಷ ಬೇಕಾಯಿತು. ಈ ಎರಡೂ ಜಾಗಗಳು 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ಹಾಗಾಗಿ ಇನ್ನು ಮುಂದೆ ಜನ ಹೆಚ್ಚಾಗಬಹುದು.

ಅವತ್ತು ಸಂಜೆಗೆ ಬೇರೆ ಏನೂ ಇಟ್ಟುಕೊಳ್ಳಬೇಡಿ. ನದಿಯ ದಂಡೆಯಲ್ಲಿ ನಡೆಯಿರಿ, ಜೊತೆಯವರು ಮಾತಾಡಲು ಬಯಸಿದರೆ ಮಾತಾಡಿ, ಇಲ್ಲದಿದ್ದರೆ ಬಿಡಿ. ಫೋಟೋ ಹಾಕುವುದಿದ್ದರೆ ಮರುದಿನ ಯೋಚಿಸಿ ಹಾಕಿ, ತಲೆಬುರುಡೆಯ ಚಿತ್ರವಂತೂ ಬೇಡ. ಪ್ರವಾಸದ ಕ್ರಮ ಇನ್ನೂ ನಿಮ್ಮ ಕೈಯಲ್ಲಿದ್ದರೆ ನೋಮ್ ಪೆನ್ ಮೊದಲು ಇಟ್ಟು, ಆಮೇಲೆ ಸಿಯಾಮ್ ರೀಪ್‌ಗೆ ಹೋಗಿ. ಅಲ್ಲಿ ನಿಮ್ಮ ಗೈಡ್ ಐವತ್ತು ದಾಟಿದವರಾಗಿದ್ದರೆ ಅವರೂ ಆ ವರ್ಷಗಳಲ್ಲಿ ಮಗುವಾಗಿದ್ದವರೇ. ಅವರಾಗಿಯೇ ಮಾತು ತೆಗೆದರೆ, ದೇವಸ್ಥಾನ ಸ್ವಲ್ಪ ಹೊತ್ತು ಕಾಯಲಿ, ಕೂತು ಕೇಳಿ.